ಅಣುಗಳನ್ನು ತೋರಿಸುವ ತಂತ್ರಾಂಶವಾದ ಪೈಮಾಲ್‌ನಲ್ಲಿ ಸಿಮ್ಯುಲೇಶನ್ ವಿಡಿಯೊ ಮಾಡುವಾಗ ಪ್ರೋಟೀನ್ ಚೌಕಟ್ಟಿನಿಂದ ಹೊರಗೆ ಜಾರುತ್ತದೆ, ಕ್ಯಾಮೆರಾ ತಿರುಗಿಸುವುದು ಹೇಗೆ?

ಜಾರುತ್ತಿರುವುದು ಕ್ಯಾಮೆರಾ ಅಲ್ಲ, ಅಣು. ಹಾಗಾಗಿ ಮೊದಲು ಟ್ರಾಜೆಕ್ಟರಿಯನ್ನೇ (ಅಣುವಿನ ಚಲನೆ ದಾಖಲಾದ ಫೈಲ್) ಸರಿಮಾಡಿ. ಅಣು ಸಿಮ್ಯುಲೇಶನ್ ಪೆಟ್ಟಿಗೆಯ ಒಂದು ಬದಿಯಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ, ಸಿಮ್ಯುಲೇಶನ್ ತಂತ್ರಾಂಶ ಗ್ರೊಮ್ಯಾಕ್ಸ್‌ನ 'ಟ್ರಜ್‌ಕಾನ್ವ್' ಆದೇಶದಲ್ಲಿ 'ಪಿಬಿಸಿ ಮಾಲ್' (ಅಣುವನ್ನು ಒಡೆಯದೆ ಇಡುವ ಆಯ್ಕೆ) ಮತ್ತು 'ಸೆಂಟರ್' (ನಡುವಿಗೆ ತರುವ ಆಯ್ಕೆ) ಕೊಟ್ಟು ಹೊಸ ಫೈಲ್ ಬರೆಯಿರಿ. ಅದನ್ನು ಪೈಮಾಲ್‌ನಲ್ಲಿ ತೆರೆದು, ಆಲ್ಫಾ ಕಾರ್ಬನ್‌ಗಳ ಮೇಲೆ 'ಇಂಟ್ರಾ_ಫಿಟ್' ನಡೆಸಿದರೆ ಎಲ್ಲ ಸ್ಥಿತಿಗಳೂ (ಟ್ರಾಜೆಕ್ಟರಿಯ ಒಂದೊಂದು ಕ್ಷಣದ ರಚನೆ) ಮೊದಲನೆಯದರ ಮೇಲೆ ಕೂರುತ್ತವೆ.

ಆಮೇಲೆ ಕ್ಯಾಮೆರಾ. 300 ಸ್ಥಿತಿಗಳಿದ್ದರೆ 'ಎಂಸೆಟ್ 1 -300' ಕೊಡಿ, ಒಂದೊಂದು ಸ್ಥಿತಿಯೂ ಒಂದೊಂದು ಫ್ರೇಮ್ ಆಗುತ್ತದೆ. ಸೆಕೆಂಡಿಗೆ 30 ಫ್ರೇಮ್‌ನಂತೆ 10 ಸೆಕೆಂಡ್ ಬರುತ್ತದೆ. 1ನೇ ಫ್ರೇಮಿನಲ್ಲಿ ನೋಟ ಹೊಂದಿಸಿ, ಅದನ್ನು ಉಳಿಸಲು 'ಎಂವ್ಯೂ ಸ್ಟೋರ್' ಕೊಡಿ. ಪೂರ್ತಿ ಸುತ್ತು ಬೇಕೆಂದು ನೇರವಾಗಿ 300ಕ್ಕೆ ಹೋಗಿ 360 ಡಿಗ್ರಿ ತಿರುಗಿಸಬೇಡಿ, ಎಲ್ಲರೂ ಎಡವುವುದು ಇಲ್ಲೇ: ಆರಂಭ, ಅಂತ್ಯ ಎರಡೂ ಒಂದೇ ನೋಟವಾಗಿ ಕ್ಯಾಮೆರಾ ಅಲುಗುವುದೇ ಇಲ್ಲ. 180 ಆದರೆ ಯಾವ ದಿಕ್ಕಿಗೆ ತಿರುಗೀತೋ ಹೇಳಲಾಗದು. 100, 200, 300ನೇ ಫ್ರೇಮ್‌ಗಳಲ್ಲಿ 'ಟರ್ನ್ ವೈ, 120' ಕೊಟ್ಟು, ಪ್ರತಿ ಬಾರಿಯೂ ಸ್ಟೋರ್ ಮಾಡಿ, ಕೊನೆಗೆ ನಡುವಿನ ನೋಟಗಳನ್ನು ತುಂಬಲು 'ಎಂವ್ಯೂ ರೀಇಂಟರ್ಪೊಲೇಟ್' ಕೊಡಿ.

ಹತ್ತಿರ ಹೋದಾಗ ಅಣುವಿನ ಮುಂಭಾಗ ಕತ್ತರಿಸಿದಂತೆ ಕಂಡರೆ ಅದು ಕ್ಲಿಪ್ಪಿಂಗ್ ತಲದ (ನೋಟದ ಮುಂದಿನ, ಹಿಂದಿನ ಗಡಿ) ಕೆಲಸ. ಆ ತಲಗಳೂ ನೋಟದ ಜೊತೆಗೇ ಉಳಿಯುವುದರಿಂದ, ಸ್ಟೋರ್ ಮಾಡುವ ಮೊದಲೇ ಅವನ್ನು ಅಗಲಿಸಿಡಿ.