ಅಂಗಳವಿಲ್ಲದ ಮನೆಯಲ್ಲಿ ಹಸಿಕಸವನ್ನು ಗೊಬ್ಬರ ಮಾಡುವುದು: ದಾವಣಗೆರೆಯಿಂದ ಒಂದು ಉತ್ತರ

ಅಂಗಳವೂ ಹಿತ್ತಲೂ ಇಲ್ಲದ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ, ಅಡುಗೆಕಟ್ಟೆಯ ಮೇಲಿಡುವ ಗೊಬ್ಬರದ ಯಂತ್ರವನ್ನು ಕೊಂಡರೆ ಆಹಾರ ಪೋಲಾಗುವುದು ಕಡಿಮೆಯಾಗುತ್ತದೆಯೇ, ವಾಸನೆ ಮತ್ತು ಹುಳುಗಳ ಕಾಟವಿರುತ್ತದೆಯೇ, ಗಿಡಗಳೇ ಇಲ್ಲದಿದ್ದರೆ ಗೊಬ್ಬರವನ್ನು ಏನು ಮಾಡಬೇಕು ಎಂದು ನೀವು ಕೇಳಿದ್ದೀರಿ. ದಾವಣಗೆರೆಯ ವಿನೋಬನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ನಾನು ಆರು ವರ್ಷಗಳಿಂದ ಈ ಕೆಲಸ ಮಾಡುತ್ತಿರುವುದರಿಂದ ನಿಮ್ಮ ಮೂರು ಪ್ರಶ್ನೆಗಳಿಗೂ ಅನುಭವದ ಮೇಲೆ ಉತ್ತರಿಸಬಲ್ಲೆ. ಮೊದಲನೆಯದಕ್ಕೆ ನೇರವಾದ ಉತ್ತರವೆಂದರೆ, ಗೊಬ್ಬರ ಮಾಡುವುದರಿಂದ ಮನೆಯಿಂದ ಹೊರಹೋಗುವ ಕಸ ಕಡಿಮೆಯಾಗುತ್ತದೆಯೇ ಹೊರತು ಪೋಲು ಕಡಿಮೆಯಾಗುವುದಿಲ್ಲ. ಒಂದು ಪಾವು ಅನ್ನ ಹಳಸಿ ಗೊಬ್ಬರವಾದರೂ ಆ ಅಕ್ಕಿ, ಅದನ್ನು ಬೆಳೆದ ಭದ್ರಾ ನಾಲೆಯ ನೀರು, ಬೇಯಿಸಿದ ಗ್ಯಾಸು ಎಲ್ಲವೂ ಹೋದಂತೆಯೇ. ಆದರೆ ಗೊಬ್ಬರದ ಡಬ್ಬಕ್ಕೆ ಏನು ಬೀಳುತ್ತಿದೆ ಎಂಬುದನ್ನು ಕಣ್ಣಿಟ್ಟು ನೋಡಿದರೆ ಪೋಲಿನ ಮೂಲ ಗೊತ್ತಾಗುತ್ತದೆ, ಮತ್ತು ನನ್ನ ಮನೆಯಲ್ಲಿ ನಿಜವಾದ ಉಳಿತಾಯವಾದದ್ದು ಅಲ್ಲಿಂದಲೇ.

ಆದ್ದರಿಂದ ಯಂತ್ರಕ್ಕೆ ದುಡ್ಡು ಕಟ್ಟುವ ಮೊದಲು ಒಂದು ತಿಂಗಳ ಕಾಲ ತೂಕ ಮಾಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಸೇರುತ್ತದೆ, ಅಂದರೆ ದಿನಕ್ಕೆ ಸುಮಾರು 150 ಗ್ರಾಂ. ಈ ಲೆಕ್ಕದಲ್ಲಿ ಸಿಪ್ಪೆ, ಮೂಳೆಗಳಂಥ ತಿನ್ನಲಾಗದ ಭಾಗಗಳೂ ಸೇರಿವೆ. ನಾಲ್ಕು ಜನರ ನಮ್ಮ ಮನೆಯಲ್ಲಿ ಆಗ ದಿನಕ್ಕೆ 600ರಿಂದ 700 ಗ್ರಾಂ ಬರುತ್ತಿತ್ತು. ಕಟ್ಟೆಯ ಮೇಲೆ ಒಂದರ ಬದಲು ಎರಡು ಡಬ್ಬಗಳನ್ನಿಟ್ಟು, ಸಿಪ್ಪೆ, ತೊಟ್ಟು, ಚಹಾಪುಡಿಗಳನ್ನು ಒಂದಕ್ಕೂ ತಿನ್ನಬಹುದಾಗಿದ್ದು ಉಳಿದು ಕೆಟ್ಟದ್ದನ್ನು ಇನ್ನೊಂದಕ್ಕೂ ಹಾಕಿ, ರಾತ್ರಿ ಎರಡರ ತೂಕವನ್ನೂ ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಹೋದೆ. ಎರಡನೆಯ ಡಬ್ಬದಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಅನ್ನ. ಮಗ ಹಾಸ್ಟೆಲ್ಲಿಗೆ ಹೋಗುವ ಮೊದಲು ಐದು ಜನಕ್ಕೆ ಅಳೆಯುತ್ತಿದ್ದ ಅಕ್ಕಿಯನ್ನೇ ಅವನು ಹೋದ ಮೇಲೂ ಕೈ ಅಳೆಯುತ್ತಿತ್ತು, ಅಷ್ಟೆ. ಅಳತೆಯನ್ನು ಅರ್ಧ ಪಾವು ತಗ್ಗಿಸಿದ ವಾರವೇ ಆ ಡಬ್ಬದ ತೂಕ ಅರ್ಧಕ್ಕೆ ಇಳಿಯಿತು. ಉಳಿದದ್ದು ಫ್ರಿಜ್ಜಿನ ಮೂಲೆಯಲ್ಲಿ ಕಪ್ಪಾಗುತ್ತಿದ್ದ ಕೊತ್ತಂಬರಿ ಮತ್ತು ಎರಡು ದಿನದ ಸಾರು. ಸೊಪ್ಪನ್ನು ಸಂತೆಯಿಂದ ಕಟ್ಟುಗಟ್ಟಲೆ ತರುವುದನ್ನು ಬಿಟ್ಟು ಎರಡು ದಿನಕ್ಕೊಮ್ಮೆ ತಂದರೆ ಅದೂ ತಪ್ಪುತ್ತದೆ. ಸಿಪ್ಪೆಯ ಡಬ್ಬದಲ್ಲಿಯೂ ತಿನ್ನುವಂಥದ್ದು ಇರುತ್ತದೆ. ಹೀರೆಕಾಯಿ ಸಿಪ್ಪೆಯ ಚಟ್ನಿ ಗೊತ್ತಿರುವ ಮನೆಯಲ್ಲಿ ಆ ಸಿಪ್ಪೆ ಗೊಬ್ಬರಕ್ಕೆ ಬೀಳಬಾರದು, ಕಲ್ಲಂಗಡಿಯ ಬಿಳಿಭಾಗ ದೋಸೆಹಿಟ್ಟಿಗೆ ಸೇರುತ್ತದೆ, ಮೆತ್ತಗಾದ ಮಂಡಕ್ಕಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಗರಿಗರಿಯಾಗುತ್ತದೆ.

ಹೊನ್ನಾಳಿ ಕಡೆಯವರಾದ ನಮ್ಮ ಅತ್ತೆಯವರಿಗೆ ಈ ಡಬ್ಬದ ವಿಷಯವೇ ಮೊದಲು ಅರ್ಥವಾಗಲಿಲ್ಲ. ಅವರ ಮನೆಯಲ್ಲಿ ಅಕ್ಕಿ ತೊಳೆದ ನೀರು, ಸಿಪ್ಪೆ, ಮಿಕ್ಕ ಅನ್ನ ಎಲ್ಲವೂ ಕಲಗಚ್ಚಿನ ಬಾನಿಗೆ ಬಿದ್ದು ಎಮ್ಮೆಗೆ ಹೋಗುತ್ತಿತ್ತು, ಸಗಣಿ ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆ ಗದ್ದೆಗೆ ಹೋಗುತ್ತಿತ್ತು. ನಿಮ್ಮ ಬೀದಿಯಲ್ಲಿ ಈಗಲೂ ದನ ಸಾಕಿದವರಿದ್ದರೆ ತಾಜಾ ಸಿಪ್ಪೆ, ಸೊಪ್ಪಿನ ದಂಟುಗಳನ್ನು ಅವರಿಗೆ ಕೊಡುವುದೇ ನನ್ನ ಪ್ರಕಾರ ಗೊಬ್ಬರಕ್ಕಿಂತ ಒಂದು ಹೆಜ್ಜೆ ಮುಂದಿನ ಉಪಯೋಗ. ಆದರೆ ಸಮಾರಂಭದಲ್ಲಿ ಮಿಕ್ಕ ಬುಟ್ಟಿಗಟ್ಟಲೆ ಅನ್ನವನ್ನು ಒಮ್ಮೆಲೇ ಹಾಕಬೇಡಿ, ಏಕೆಂದರೆ ಹೆಚ್ಚು ಪಿಷ್ಟ ಒಟ್ಟಿಗೆ ಹೊಟ್ಟೆ ಸೇರಿದರೆ ದನದ ಮೆಲುಕುಚೀಲದಲ್ಲಿ ಹುಳಿ ಏರಿ ಪ್ರಾಣಕ್ಕೇ ಅಪಾಯವಾಗುತ್ತದೆ. ಬೂಸ್ಟು ಹಿಡಿದದ್ದನ್ನಂತೂ ಕೊಡಲೇಬಾರದು.

ಇನ್ನು ಯಂತ್ರದ ವಿಷಯ. ಕಟ್ಟೆಯ ಮೇಲಿಡುವ ವಿದ್ಯುತ್ ಯಂತ್ರಗಳಲ್ಲಿ ಬಹುಪಾಲು ಕಸವನ್ನು ಬಿಸಿ ಮಾಡಿ, ನೀರಿನಂಶ ತೆಗೆದು, ಪುಡಿ ಮಾಡುತ್ತವೆ. ಕೆಲವು ಗಂಟೆಗಳಲ್ಲಿ ಕೈಗೆ ಬರುವುದು ಒಣಗಿದ ಆಹಾರದ ಪುಡಿಯೇ ಹೊರತು ಸೂಕ್ಷ್ಮಜೀವಿಗಳು ಕೊಳೆಸಿದ ಗೊಬ್ಬರವಲ್ಲ. ಅದನ್ನು ಹಾಗೆಯೇ ಕುಂಡಕ್ಕೆ ಹಾಕಿ ನೀರು ಬಿಟ್ಟರೆ ಬೂಸ್ಟು ಬರುತ್ತದೆ, ಆದ್ದರಿಂದ ಮತ್ತೆ ಮಣ್ಣಿನಲ್ಲಿ ಬೆರೆಸಿ ಕೆಲವು ವಾರ ಕಾಯಲೇಬೇಕು. ಎರಡನೆಯ ದಾರಿ ಜಪಾನಿನಿಂದ ಬಂದ ಬೊಕಾಶಿ: ಸೂಕ್ಷ್ಮಜೀವಿಗಳನ್ನು ಬೆಳೆಸಿದ ತೌಡನ್ನು ಉದುರಿಸುತ್ತಾ, ಗಾಳಿಯಾಡದ ಬಿಗಿ ಮುಚ್ಚಳದ ಬಕೆಟ್ಟಿನಲ್ಲಿ ಕಸವನ್ನು ಒತ್ತಿ ತುಂಬಿ ಎರಡು ವಾರ ಹುದುಗಿಸುವ ಕ್ರಮ. ಇದು ಅಡುಗೆಮನೆಯೊಳಗೇ ನಡೆಯುತ್ತದೆ, ಬೇಯಿಸಿದ ಆಹಾರವನ್ನೂ ಹಾಕಬಹುದು. ಆದರೆ ಇದರ ಕೊನೆಯಲ್ಲಿ ಸಿಗುವುದು ಉಪ್ಪಿನಕಾಯಿಯಂತೆ ಹುಳಿತ ಕಸವಾದ್ದರಿಂದ ಅದನ್ನೂ ಮಣ್ಣಿನಲ್ಲಿ ಹೂಳಬೇಕು. ಅಂಗಳವಿಲ್ಲದ ನಿಮಗೆ ಈ ಎರಡೂ ಅರ್ಧ ದಾರಿಯವರೆಗೆ ಮಾತ್ರ ಒಯ್ಯುತ್ತವೆ.

ನಾನು ನೆಚ್ಚಿಕೊಂಡಿರುವುದು ಕಟ್ಟೆಯ ಮೇಲೆ ಮೂರು ಲೀಟರಿನ ಮುಚ್ಚಳದ ಡಬ್ಬ, ಬಾಲ್ಕನಿಯ ನೆರಳಿನಲ್ಲಿ 20 ಲೀಟರಿನ ಎರಡು ಖಾಲಿ ಪೇಂಟ್ ಬಕೆಟ್ಟುಗಳು, ಅವುಗಳ ಪಕ್ಕದಲ್ಲಿ ಒಂದು ಚೀಲ ಒಣಪುಡಿ. ಇವುಗಳಲ್ಲಿ ಒಣಪುಡಿಯ ಚೀಲವನ್ನೇ ಎಲ್ಲಕ್ಕಿಂತ ಮೊದಲು ತಂದಿಡಿ. ಕೊಳೆಸುವ ಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕವೂ ನೀರೂ ಹೆಚ್ಚು, ಇಂಗಾಲ ಕಡಿಮೆ. ಆ ಕೊರತೆಯನ್ನು ತುಂಬಿ, ಹೆಚ್ಚಿನ ನೀರನ್ನು ಹೀರಿ, ನಡುವೆ ಗಾಳಿಗೆ ಜಾಗ ಮಾಡಿಕೊಡುವುದು ಒಣಪುಡಿಯ ಕೆಲಸ. ನಮ್ಮ ಊರಿನಲ್ಲಿ ಇದಕ್ಕೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಬೇಸಿಗೆಗೆ ಮುಂಚೆ ಉದುರುವ ಹೊಂಗೆ, ಬೇವು, ಬಾದಾಮಿ ಎಲೆಗಳನ್ನು ಗೋಣಿಚೀಲದಲ್ಲಿ ತುಂಬಿಟ್ಟು ಕೈಯಿಂದ ಪುಡಿ ಮಾಡಿದರೆ ವರ್ಷಕ್ಕೆ ಸಾಕಾಗುತ್ತದೆ, ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆ ಸುಲಭವಾಗಿ ಸಿಗುತ್ತದೆ. ಅಕ್ಕಿ ಗಿರಣಿಗಳ ಭತ್ತದ ಹೊಟ್ಟು ಇಲ್ಲಿ ಎಲ್ಲೆಡೆ ಸಿಗುವುದಾದರೂ ಅದರಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ಗಾಳಿಯಾಡಲೆಂದು ಒಣಪುಡಿಯ ಕಾಲುಭಾಗದಷ್ಟು ಬೆರೆಸಿದರೆ ಸಾಕು. ಮರದ ಪುಡಿ ತರುವುದಾದರೆ ಪ್ಲೈವುಡ್ ಕೊಯ್ದದ್ದನ್ನು ತರಬೇಡಿ, ಅದರಲ್ಲಿ ಅಂಟು ಇರುತ್ತದೆ.

ಬಕೆಟ್ಟಿನ ತಳಕ್ಕೂ ಪಕ್ಕಗಳಿಗೂ ಕಾದ ಮೊಳೆಯಿಂದ ಇಪ್ಪತ್ತು ಮೂವತ್ತು ತೂತು ಮಾಡಿ, ಕೆಳಗೆ ತಟ್ಟೆಯಿಟ್ಟು, ನಾಲ್ಕು ಬೆರಳಷ್ಟು ಒಣಪುಡಿ ಹಾಸಿ. ಹಾಲಿಗೆ ಹೆಪ್ಪು ಹಾಕುವಂತೆ ಇದಕ್ಕೂ ಹೆಪ್ಪು ಬೇಕು: ಯಾರಾದರೂ ಕೊಟ್ಟ ಹಳೆಯ ಗೊಬ್ಬರ ಅಥವಾ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದ ಎರಡು ಬೊಗಸೆ. ಹುಳಿ ಮಜ್ಜಿಗೆ ಚಿಮುಕಿಸುವವರಿದ್ದಾರೆ. ನನ್ನ ಅನುಭವದಲ್ಲಿ ಹಳೆಯ ಗೊಬ್ಬರದಷ್ಟು ಚುರುಕಾಗಿ ಅದು ಕೆಲಸ ಮಾಡಲಿಲ್ಲ. ದಿನವೂ ಸಣ್ಣಗೆ ಹೆಚ್ಚಿದ ಸಿಪ್ಪೆ ಹಾಕಿ, ಅದರ ಒಂದೂವರೆ ಪಟ್ಟು ಗಾತ್ರದ ಒಣಪುಡಿಯಿಂದ ಸಂಪೂರ್ಣವಾಗಿ ಮುಚ್ಚಿ, ವಾರಕ್ಕೆರಡು ಸಲ ತಳದಿಂದ ಕೆದಕಿ. ಒಂದು ಬಕೆಟ್ಟು ತುಂಬಿದ ಮೇಲೆ ಅದನ್ನು ಮುಚ್ಚಿಟ್ಟು ಎರಡನೆಯದನ್ನು ಆರಂಭಿಸಿದರೆ, ಇದು ತುಂಬುವ ಹೊತ್ತಿಗೆ ಅದು ಕುಗ್ಗಿ ಕಪ್ಪಾಗಿರುತ್ತದೆ. ನಮ್ಮಲ್ಲಿ ಎರಡರಿಂದ ಮೂರು ತಿಂಗಳು ಹಿಡಿಯುತ್ತದೆ. ಬೆಣ್ಣೆ ದೋಸೆಯ ಪೊಟ್ಟಣದ ಜಿಡ್ಡು ಕಾಗದ, ಎಣ್ಣೆಯ ಪದಾರ್ಥ, ಮಾಂಸ, ಮೀನು, ಸಾರು ಇವುಗಳನ್ನು ಈ ಬಕೆಟ್ಟಿಗೆ ಹಾಕಬಾರದು. ಮಾವಿನ ಓಟೆ, ತೆಂಗಿನ ಚಿಪ್ಪುಗಳು ಕೊಳೆಯುವುದಕ್ಕೆ ವರ್ಷಗಳೇ ಬೇಕು.

ವಾಸನೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೊದಲ ವರ್ಷ ಜುಲೈ ತಿಂಗಳಿನಲ್ಲಿ ಎಲೆಪುಡಿ ಮುಗಿದು, ಒಂದು ವಾರ ಬರೀ ಸಿಪ್ಪೆಯನ್ನೇ ಹಾಕಿದ್ದರಿಂದ ಬಕೆಟ್ಟು ಕೆಸರಾಗಿ, ಕೆಳಗಿನ ಮನೆಯವರು ಬಂದು ಬೇಸರದಿಂದ ಕೇಳಿದರು, ಮತ್ತು ಅವರ ಬೇಸರ ನ್ಯಾಯವಾಗಿತ್ತು. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಒಳಗೆ ಗಾಳಿಯಿಲ್ಲವೆಂದೂ, ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಸಾರಜನಕ ಹೆಚ್ಚಾಗಿದೆಯೆಂದೂ ತಿಳಿಯಬೇಕು. ಎರಡಕ್ಕೂ ಮದ್ದು ಒಣಪುಡಿ ಬೆರೆಸಿ ಕೆದಕುವುದೇ. ತೇವ ಸರಿಯಾಗಿದೆಯೇ ಎಂದು ನೋಡಲು ಒಂದು ಮುಷ್ಟಿ ಹಿಂಡಿ: ಒಂದೆರಡು ಹನಿ ಜಿನುಗಿದರೆ ಸರಿ, ಧಾರೆ ಬಂದರೆ ಹೆಚ್ಚು, ಕೈ ಬಿಚ್ಚಿದೊಡನೆ ಉದುರಿಹೋದರೆ ಕಡಿಮೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬಕೆಟ್ಟು ಒಣಗಿ ಕೆಲಸವೇ ನಿಂತುಹೋಗುತ್ತದೆ, ಆಗ ನೀರು ಚಿಮುಕಿಸಬೇಕು. ಆ ಬಿಸಿಲಿಗೆ ಎರೆಹುಳುಗಳನ್ನು ತಂದು ಬಾಲ್ಕನಿಯಲ್ಲಿಡುವ ಯೋಚನೆ ಮಾಡಬೇಡಿ. 35 ಡಿಗ್ರಿ ದಾಟಿದರೆ ಅವು ಬದುಕುವುದು ಕಷ್ಟ.

ಬಾಳೆಸಿಪ್ಪೆಯ ಜೊತೆ ಬರುವ ಸಣ್ಣ ಹಣ್ಣುನೊಣಗಳು ಮೇಲಿನ ಒಣಪದರ ದಪ್ಪವಾಗಿದ್ದರೆ ಕಡಿಮೆಯಾಗುತ್ತವೆ. ಮಳೆಗಾಲದಲ್ಲಿ ಚಪ್ಪಟೆಯಾದ, ಬೂದುಕಂದು ಬಣ್ಣದ ಹುಳುಗಳು ಕಂಡರೆ ಹೆದರಬೇಡಿ. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ಬಹಳ ವೇಗವಾಗಿ ತಿಂದು ಮುಗಿಸುತ್ತವೆ, ದೊಡ್ಡದಾದ ನೊಣ ಕಚ್ಚುವುದೂ ಇಲ್ಲ, ನಮ್ಮ ಊಟದ ಮೇಲೆ ಕೂರುವುದಕ್ಕೂ ಬರುವುದಿಲ್ಲ.

ಇಷ್ಟೆಲ್ಲ ಏಕೆ, ಪಾಲಿಕೆಯ ಕಸದ ಗಾಡಿಯೇ ಬರುತ್ತದಲ್ಲ ಎಂದು ಮನೆಯಲ್ಲಿ ಯಾರಾದರೂ ಕೇಳಬಹುದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿದವು. ಬೇರ್ಪಡಿಸದೆ ಕೊಟ್ಟ ಹಸಿಕಸ ಪ್ಲಾಸ್ಟಿಕ್ಕಿನೊಂದಿಗೆ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಬಕೆಟ್ಟಿನಲ್ಲಿ ಗಾಳಿಯಾಡುವಂತೆ ಕೊಳೆಸಿದರೆ ಮೀಥೇನ್ ಅತ್ಯಲ್ಪ.

ಗೊಬ್ಬರ ಆಗಿದೆಯೇ ಎಂಬುದನ್ನು ಮೂಗೇ ಹೇಳುತ್ತದೆ. ಮುಂಗಾರಿನ ಮೊದಲ ಮಳೆಗೆ ಎರೆಹೊಲದಿಂದ ಏಳುವ ವಾಸನೆಯೇ ಅದಕ್ಕೂ ಇರುತ್ತದೆ, ಏಕೆಂದರೆ ಎರಡರಲ್ಲಿಯೂ ಆ ವಾಸನೆಯ ವಸ್ತುವನ್ನು ತಯಾರಿಸುವುದು ಒಂದೇ ಬಗೆಯ ಮಣ್ಣಿನ ಬ್ಯಾಕ್ಟೀರಿಯಾ. ಅನುಮಾನವಿದ್ದರೆ ಒಂದು ಹಿಡಿಯನ್ನು ಕವರಿನಲ್ಲಿ ಕಟ್ಟಿ ಮೂರು ದಿನ ಬಿಟ್ಟು ಮೂಸಿ ನೋಡಿ; ಹುಳಿ ವಾಸನೆ ಬಂದರೆ ಇನ್ನೂ ಆಗಿಲ್ಲ.

ಗಿಡಗಳಿಲ್ಲವೆಂಬ ಚಿಂತೆ ಬೇಡ, ಏಕೆಂದರೆ ತುಂಬಿದ ಬಕೆಟ್ಟಿನಿಂದ ಕೊನೆಗೆ ಸಿಗುವುದು ಜರಡಿ ಹಿಡಿದ ನಾಲ್ಕೈದು ಸೇರು ಗೊಬ್ಬರ ಮಾತ್ರ. ಮೂರು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಬೆರೆಸಿದರೆ ಒಂದು ಕರಿಬೇವು ಮತ್ತು ಒಂದು ದೊಡ್ಡಪತ್ರೆಯ ಕುಂಡಕ್ಕೆ ಸರಿಹೋಗುತ್ತದೆ. ಅದೂ ಬೇಡವೆಂದರೆ ಮನೆಯ ಮುಂದಿನ ರಸ್ತೆಯ ಹೊಂಗೆ ಮರದ ಬುಡಕ್ಕೆ ಹಾಕಿ. ಮುಂದಿನ ವರ್ಷ ನಿಮ್ಮ ಬಕೆಟ್ಟಿಗೆ ಎಲೆಪುಡಿ ಬರಬೇಕಾದದ್ದು ಆ ಮರದಿಂದಲೇ.