ಕೆಲಸದ ಒತ್ತಡ ತಾಳಿಕೊಳ್ಳಲು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಸಹೋದ್ಯೋಗಿ ಕೆಲಸ ಬಿಟ್ಟ ಮೇಲೆ ಇಬ್ಬರ ಹೊರೆ ನಿಮ್ಮ ಮೇಲೆ ಬಿದ್ದಿದೆ, ಧ್ಯಾನ ಮಾಡಿದರೂ ನಿದ್ದೆ ಬರುತ್ತಿಲ್ಲ, ಮನಸ್ಸನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಒಂದು ಕಾಲದಲ್ಲಿ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ತಿರುಗಿದವನು ನಾನು.

ನಾನಿದ್ದದ್ದು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ. ಸರಬರಾಜುದಾರರ ಬಿಲ್ಲುಗಳನ್ನು ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋದಾಗ, "ಹೊಸಬರು ಬರುವವರೆಗೆ ಸ್ವಲ್ಪ ನೀವೇ ನೋಡಿಕೊಳ್ಳಿ" ಎಂದು ಮ್ಯಾನೇಜರ್ ಹೇಳಿದರು. "ಆಗಲಿ ಸಾರ್" ಎಂದೆ. ಹಗಲೆಲ್ಲ ಬಿಲ್ಲುಗಳು, ರಾತ್ರಿ ನನ್ನ ಮೂಲ ಕೆಲಸವಾದ ಕಂಪನಿಯ ಬ್ಯಾಂಕ್ ಲೆಕ್ಕದ ತಾಳೆ. ಕೆಲವೇ ತಿಂಗಳಲ್ಲಿ, ಒಂದೇ ಸಾಲಿನ ಮೊತ್ತ ಕೂಡಿದಾಗಲೆಲ್ಲ ಬೇರೆ ಬೇರೆಯಾಗಿ ಬರತೊಡಗಿತು. ಫೋನ್ ಅದುರಿದರೆ ಸಾಕು, ಯಾರದೆಂದು ನೋಡುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಮಗಳು ಏನಾದರೂ ಕೇಳಿದರೆ ಉತ್ತರಕ್ಕಿಂತ ಮೊದಲು ಸಿಡುಕು ಬರುತ್ತಿತ್ತು. ಇದೆಲ್ಲ ನನ್ನ ಮನಸ್ಸಿನ ದೌರ್ಬಲ್ಯ ಎಂದು ನಂಬಿ, ಬೆಳಿಗ್ಗೆ ಬೇಗ ಎದ್ದು ಪ್ರಾಣಾಯಾಮ ಶುರು ಮಾಡಿದೆ. ಅಂದರೆ ಇದ್ದ ಅಲ್ಪ ನಿದ್ದೆಯಲ್ಲೂ ಅರ್ಧ ಗಂಟೆ ಕಡಿಮೆಯಾಯಿತು.

ನನಗೆ ನಷ್ಟ ತಂದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವೂ ಅದನ್ನೇ ಮಾಡುತ್ತಿರಬಹುದು ಎಂಬ ಅನುಮಾನ ನನಗಿದೆ. ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಕೆಲಸ ಮುಗಿಸಿ ಬರೆದ ಇಮೇಲ್‌ಗಳನ್ನು ನಾನು ಆಗಲೇ ಕಳುಹಿಸುತ್ತಿರಲಿಲ್ಲ. ಮರುದಿನ ಬೆಳಿಗ್ಗೆ 9 ಗಂಟೆಗೆ ತಾವಾಗಿಯೇ ಹೋಗುವಂತೆ ಸಮಯ ನಿಗದಿ ಮಾಡಿ ಇಡುತ್ತಿದ್ದೆ. ಕಚೇರಿಯ ಸಮಯದಲ್ಲಿ ಕೆಲಸ ಮುಗಿಸಲಾಗದವನು ಎಂಬ ಮಾತು ಬರಬಾರದೆಂಬುದು ನನ್ನ ಲೆಕ್ಕಾಚಾರ. ಮ್ಯಾನೇಜರ್‌ಗೆ ಕಾಣುತ್ತಿದ್ದುದು ಇಷ್ಟೇ: ಒಬ್ಬ ನೌಕರ ಹೋದ, ಆದರೂ ಯಾವ ಬಿಲ್ಲೂ ತಡವಾಗಲಿಲ್ಲ, ಯಾವ ವರದಿಯೂ ನಿಲ್ಲಲಿಲ್ಲ. ಮುಂದಿನ ವರ್ಷದ ಬಜೆಟ್ ತಯಾರಿಸುವಾಗ ಅವರು ಆ ಖಾಲಿ ಹುದ್ದೆಯನ್ನೇ ತೆಗೆದುಹಾಕಿದರು. ಕೇಳಿದರೆ, "ಕೆಲಸವೇನೂ ನಿಂತಿಲ್ಲವಲ್ಲ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಹುದ್ದೆ ಬೇಕೇಬೇಕು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ರಾತ್ರಿಗಳು. ಆ ಸಾಕ್ಷಿಯನ್ನು ದಿನವೂ ಅಳಿಸಿಹಾಕುತ್ತಿದ್ದವನು ನಾನೇ. ಹೆಚ್ಚು ಕೆಲಸ ಮಾಡಿದ್ದು ತಪ್ಪಲ್ಲ, ಒಪ್ಪಿಕೊಂಡದ್ದೂ ತಪ್ಪಲ್ಲ. ಅದಕ್ಕೆ ತಗಲುವ ಸಮಯವನ್ನು ಮುಚ್ಚಿಟ್ಟದ್ದು ತಪ್ಪು. ತಾತ್ಕಾಲಿಕ ಎಂದುಕೊಂಡು ಹೊತ್ತದ್ದನ್ನು ಶಾಶ್ವತ ಮಾಡಿಕೊಂಡದ್ದು ಹೀಗೆ. ಕೊನೆಗೆ ಒಂದೇ ಬಿಲ್ಲಿಗೆ ಎರಡು ಬಾರಿ ಹಣ ಪಾವತಿಸಿದೆ. ಹಣ ವಾಪಸ್ ಬಂತು, ಆದರೆ ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮನಸ್ಸು ಸಾಕಷ್ಟು ಗಟ್ಟಿಯಾಗಿಯೇ ಇದೆ. ಇಲ್ಲದಿದ್ದರೆ ಇಷ್ಟು ದಿನ ಇಬ್ಬರ ಕೆಲಸ ನಡೆಯುತ್ತಿರಲಿಲ್ಲ. ರಾಬರ್ಟ್ ಕರಾಸೆಕ್ ಎಂಬ ಸಮಾಜವಿಜ್ಞಾನಿ 1979ರಲ್ಲಿ ಮುಂದಿಟ್ಟ ವಿಚಾರ ನನ್ನ ಕಣ್ಣು ತೆರೆಸಿತು: ಕೆಲಸದ ಒತ್ತಾಯ ಹೆಚ್ಚಿದ್ದು, ಅದನ್ನು ಹೇಗೆ, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕೆಂದು ನಿರ್ಧರಿಸುವ ಅಧಿಕಾರ ಕಡಿಮೆಯಿರುವ ಕಡೆ ಒತ್ತಡ ಅತಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ 'ಬರ್ನೌಟ್' ಎಂಬ ಬಳಲಿಕೆಯನ್ನು ಕಾಯಿಲೆ ಎನ್ನದೆ, ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದಿಂದ ಬರುವ ಸ್ಥಿತಿ ಎಂದೇ ವಿವರಿಸಿತು. ಶಕ್ತಿ ಬತ್ತುವುದು, ಕೆಲಸದ ಬಗ್ಗೆ ಬೇಸರ ಹುಟ್ಟಿ ದೂರ ಸರಿಯುವುದು, ಮಾಡಿದ್ದು ಯಾವುದೂ ಸರಿಹೋಗುತ್ತಿಲ್ಲ ಅನ್ನಿಸುವುದು, ಈ ಮೂರನ್ನು ಅದರ ಲಕ್ಷಣಗಳೆಂದು ಹೇಳುತ್ತದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ ಹೆಚ್ಚು ಎಂದು ಅದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು. ಉಸಿರಾಟದ ಅಭ್ಯಾಸ ಆ ಗಂಟೆಗಳಲ್ಲಿ ಒಂದನ್ನೂ ಕಡಿಮೆ ಮಾಡುವುದಿಲ್ಲ.

ಧ್ಯಾನ ಬಿಡಿ ಎನ್ನುತ್ತಿಲ್ಲ. ಮಲಗುವ ಮುನ್ನ ಮನಸ್ಸು ಶಾಂತವಾಗುವುದಾದರೆ ಮಾಡಿ. ಎದೆನೋವು ಬಂದರೆ ಕಾಯದೆ ತಕ್ಷಣ ವೈದ್ಯರಲ್ಲಿಗೆ ಹೋಗಿ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ, ಆಗಲೂ ಕಚೇರಿಯ ವಿಷಯವನ್ನು ಬದಿಗಿಟ್ಟು ಮೊದಲು ಅವರನ್ನೇ ಕಾಣಿ.

ಉಳಿದಂತೆ ನಾನು ಹೇಳುವುದು ಒಂದೇ. ಎರಡು ವಾರ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಅಂದಂದೇ ಬರೆದಿಡಿ, ರಾತ್ರಿಯದನ್ನೂ ಸೇರಿಸಿ. ಆ ಪಟ್ಟಿ ಹಿಡಿದು ಮೇಲಧಿಕಾರಿಯ ಹತ್ತಿರ ಹೋಗಿ. "ನನಗೆ ತುಂಬಾ ಒತ್ತಡ" ಎನ್ನಬೇಡಿ. ಆ ಮಾತಿಗೆ ಸಮಾಧಾನ ಸಿಗುತ್ತದೆ, ರಜೆಯೂ ಸಿಗಬಹುದು, ಕೆಲಸ ಕಡಿಮೆಯಾಗುವುದಿಲ್ಲ. "ಇಷ್ಟರಲ್ಲಿ ಈ ವಾರ ಯಾವುದನ್ನು ಮುಂದೂಡಲಿ?" ಎಂದು ಕೇಳಿ, ಅವರು ಹೇಳಿದ್ದನ್ನು ಅಂದೇ ಇಮೇಲ್‌ನಲ್ಲಿ ಬರೆದು ಕಳುಹಿಸಿ. ಬಡ್ತಿ ತಪ್ಪಿದ ಮೇಲೆ ನಾನು ಕೊನೆಗೂ ಹೀಗೆ ಪಟ್ಟಿ ಇಟ್ಟಾಗ ಮ್ಯಾನೇಜರ್ ಬಹಳ ಹೊತ್ತು ಅದನ್ನೇ ನೋಡಿದರು. ಯಾರೂ ಓದದೆ ವರ್ಷಗಳಿಂದ ವಾರವಾರವೂ ಹೋಗುತ್ತಿದ್ದ ಎರಡು ವರದಿಗಳನ್ನು ಪೆನ್ನಿನಿಂದ ಹೊಡೆದುಹಾಕಿದರು, ಒಂದು ಕೆಲಸವನ್ನು ಬೇರೆ ವಿಭಾಗಕ್ಕೆ ಕೊಟ್ಟರು. ತೆಗೆದುಹಾಕಿದ ಹುದ್ದೆ ಮಾತ್ರ ಮರಳಿ ಬರಲಿಲ್ಲ.

ಪಟ್ಟಿ ನೋಡಿದ ಮೇಲೂ "ಎಲ್ಲವೂ ಇಂದೇ ಆಗಬೇಕು" ಎನ್ನುವವರಾದರೆ ಬೇರೆ ಕೆಲಸ ಹುಡುಕಿ. ಹೊಸ ನೇಮಕಾತಿ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಸಂದರ್ಶನದಲ್ಲಿ ನಿಮಗೇನಾದರೂ ಕೇಳುವುದಿದೆಯೇ ಎಂದಾಗ, ಈ ಹುದ್ದೆಯ ಕೆಲಸವನ್ನು ಈ ಮೊದಲು ಎಷ್ಟು ಜನ ಮಾಡುತ್ತಿದ್ದರು ಎಂದು ತಪ್ಪದೆ ಕೇಳಿ.