ಕಲಂಗುಟ್‌ನಿಂದ ದಿನಕ್ಕೊಂದು ಟ್ರಿಪ್? ನಾನು ಬೇಡ ಅನ್ನುತ್ತೇನೆ

ಉತ್ತರ ಗೋವಾದ ಕಲಂಗುಟ್ ಬೀಚ್ ಹತ್ತಿರ ರೆಸಾರ್ಟ್, ನಾಲ್ಕು ದಿನ, ಇಬ್ಬರು ಸಣ್ಣ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ, ಬೆಳಗಾವಿಯಿಂದ ಸ್ವಂತ ಕಾರು. ದೂಧ್‌ಸಾಗರ್, ಓಲ್ಡ್ ಗೋವಾ, ಪಾಲೋಲೆಂ ಬೀಚ್, ಆಗ್ವಾದ ಕೋಟೆ, ಯಾವ ದಿನಕ್ಕೆ ಯಾವುದು ಇಡೋಣ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮ ಮೇಲಲ್ಲ. ಆರು ವರ್ಷದ ಹಿಂದೆ ನಾನು ಬರೆದಿಟ್ಟುಕೊಂಡಿದ್ದ ಚೀಟಿಯಲ್ಲೂ ಇವೇ ನಾಲ್ಕು ಹೆಸರಿದ್ದವು.

ನಮ್ಮ ಮನೆಯೂ ಬೆಳಗಾವಿಯಲ್ಲೇ, ಟಿಳಕವಾಡಿಯಲ್ಲಿ. ಡಿಸೆಂಬರ್ ರಜೆ. ನಾನು, ಹೆಂಡತಿ, ಎಂಟು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ಜೊತೆಗೆ ಅವ್ವ. ಅವ್ವನಿಗೆ ಆಗ ಅರವತ್ತೆಂಟು, ಸಮುದ್ರ ನೋಡಿದ್ದು ಒಂದೇ ಸಲ, ಅದೂ ಮದುವೆಯಾದ ಹೊಸದರಲ್ಲಿ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಇಳಿದು ಮಧ್ಯಾಹ್ನಕ್ಕೆ ಕಲಂಗುಟ್ ಮುಟ್ಟಿದೆವು. ರೂಮಿಗೆ ದಿನಕ್ಕೆ 6,500 ರೂಪಾಯಿ, ಬೆಳಗಿನ ತಿಂಡಿ ಫ್ರೀ. ಈ ಎರಡು ಸಂಗತಿ ನೆನಪಿಟ್ಟುಕೊಳ್ಳಿ. ನಮ್ಮ ಪ್ರವಾಸ ಕೆಡಿಸಿದ್ದು ಇವೇ.

ಮರುದಿನ ದೂಧ್‌ಸಾಗರ್ ಜಲಪಾತ. ಎಲ್ಲಕ್ಕಿಂತ ದೊಡ್ಡದನ್ನು ಮೊದಲೇ ಮುಗಿಸಿಬಿಡೋಣ ಅಂತ ನನ್ನ ಲೆಕ್ಕ. ಐದು ಗಂಟೆಗೆ ಹೊರಡೋಣ ಅಂತ ಹೆಂಡತಿ ಹೇಳಿದ್ದಳು. ನಾನು ಕೇಳಲಿಲ್ಲ. ತಿಂಡಿ ಶುರುವಾಗುವುದೇ ಎಂಟಕ್ಕೆ, ಐದು ಜನರ ತಿಂಡಿ ಬಿಟ್ಟು ಹೋಗಿ ದಾರಿಯಲ್ಲಿ ಮತ್ತೆ ದುಡ್ಡು ಕೊಟ್ಟು ತಿನ್ನುವುದು ಯಾವ ಜಾಣತನ ಅಂದೆ. ಎಂಟಕ್ಕೆ ಹೋದರೆ ಅಲ್ಲಿ ಇಡೀ ರೆಸಾರ್ಟೇ ತಟ್ಟೆ ಹಿಡಿದು ನಿಂತಿತ್ತು. ಸಣ್ಣವನಿಗೆ ಬಿಸಿ ದೋಸೆಯೇ ಬೇಕು. ಅವ್ವನಿಗೆ ಚಹಾ ಸರಿಯಾಗಲಿಲ್ಲ. ಕಾರು ಗೇಟ್ ದಾಟಿದಾಗ ಒಂಬತ್ತೂವರೆ.

ದೂಧ್‌ಸಾಗರ್‌ಗೆ ಜೀಪು ಹೊರಡುವುದು ಕುಳೆಂನಿಂದ. ಕಲಂಗುಟ್‌ನಿಂದ ಅಲ್ಲಿಗೆ ಸುಮಾರು 75 ಕಿಲೋಮೀಟರ್. ಪಣಜಿ, ಫೋಂಡಾ, ಮೊಲ್ಲೆಂ, ಅಲ್ಲಿ ಬಲಕ್ಕೆ ತಿರುಗಿದರೆ ಕುಳೆಂ. ಮ್ಯಾಪ್ ಎರಡು ತಾಸು ಅನ್ನುತ್ತದೆ, ಡಿಸೆಂಬರ್ ಕೊನೆಯ ವಾರ ಹಾಗನ್ನುವುದಿಲ್ಲ. ನಾವು ಮುಟ್ಟಿದಾಗ ಹನ್ನೆರಡು ಹೊಡೆದಿತ್ತು. ಸ್ವಂತ ಕಾರು ಅಲ್ಲಿಗೇ ನಿಲ್ಲಬೇಕು. ಮುಂದೆ ಭಗವಾನ್ ಮಹಾವೀರ ಅಭಯಾರಣ್ಯ, ಜೀಪಿನಲ್ಲೇ ಹೋಗಬೇಕು, ಒಂದು ಜೀಪಿಗೆ ಏಳು ಜನ. ನಾವು ಐದು. ಇನ್ನಿಬ್ಬರು ಸಿಗಬೇಕು, ಇಲ್ಲವೇ ಪೂರ್ತಿ ಜೀಪಿನ ದುಡ್ಡು ಕೊಡಬೇಕು. ಸರದಿ ನೋಡಿದರೆ ಬೆಳಗ್ಗೆ ಆರಕ್ಕೇ ಬಂದು ನಿಂತವರು ಆಗಲೇ ಜಲಪಾತ ನೋಡಿ ವಾಪಸ್ ಬಂದು ಸೌತೆಕಾಯಿ ತಿನ್ನುತ್ತಿದ್ದರು! ನಮ್ಮ ಜೀಪು ಹೊರಟಿದ್ದು ಎರಡು ಗಂಟೆಗೆ.

ಆ ದಾರಿ ಹೇಗಿದೆ ಅಂತ ಅವ್ವನಿಗೆ ನಾನು ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಕಲ್ಲು, ಗುಂಡಿ, ನಡುವೆ ಹಳ್ಳ, ಹಳ್ಳದ ನೀರಿನಲ್ಲೇ ಜೀಪು ನುಗ್ಗುತ್ತದೆ. ಮಕ್ಕಳಿಗೆ ಕುಣಿದಾಟ, ಅವ್ವನಿಗೆ ಸೊಂಟ. ಜೀಪು ನಿಲ್ಲುವ ಜಾಗದಿಂದ ಮತ್ತೆ ಬಂಡೆಗಳ ಮೇಲೆ ನಡೆಯಬೇಕು. ಅರ್ಧಕ್ಕೆ ಅವ್ವ ಒಂದು ಬಂಡೆಯ ಮೇಲೆ ಕೂತುಬಿಟ್ಟಳು. "ನೀವ್ ಹೋಗ್ಬರ್ರಿ, ನಾ ಇಲ್ಲೇ ಮಂಗ್ಯಾ ನೋಡಕೋತ ಕುಂದರತೇನಿ" ಅಂದಳು. ಹೆಂಡತಿ ಅವಳ ಜೊತೆ ಉಳಿದಳು. ನಾನು ಮಕ್ಕಳನ್ನು ಎಳೆದುಕೊಂಡು ಓಡಿದೆ. 310 ಮೀಟರ್ ಎತ್ತರದಿಂದ ನಾಲ್ಕು ಹಂತದಲ್ಲಿ ಬೀಳುವ ನೀರು, ಅದರ ನಡು ಹಾದು ಹೋಗುವ ರೈಲು ಸೇತುವೆ, ಎಲ್ಲವನ್ನೂ ಇಪ್ಪತ್ತು ನಿಮಿಷ ನೋಡಿದೆವು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಅಷ್ಟರಲ್ಲಿ ಡ್ರೈವರ್ ಕರೆದ.

ರೂಮಿಗೆ ಬಂದಾಗ ರಾತ್ರಿ ಒಂಬತ್ತು. ಫೋಂಡಾ ದಾಟಿದ ಮೇಲೆ ಸಣ್ಣವನಿಗೆ ಎರಡು ಸಲ ವಾಂತಿ. ಮರುದಿನ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಪಾಲೋಲೆಂ ರದ್ದಾಯಿತು. ಸಮುದ್ರ ಇದ್ದದ್ದು ರೂಮಿನಿಂದ ಐದು ನಿಮಿಷದ ದಾರಿಯಲ್ಲಿ. ಅವ್ವ ಅದರ ಹತ್ತಿರ ಹೋದದ್ದು ಕೊನೆಯ ಸಂಜೆ, ಅದೂ ಸೂರ್ಯ ಮುಳುಗಿದ ಮೇಲೆ.

ಇಷ್ಟೇ ಆಗಿದ್ದರೆ ತಡವಾಗಿ ಎದ್ದವರ ಗೋಳು ಅಂತ ಬಿಡಬಹುದಿತ್ತು. ನಿಜವಾದ ತಪ್ಪು ನನಗೆ ತಿಳಿದದ್ದು ವಾಪಸ್ ಬರುವಾಗ. ಲೋಂಡಾದಲ್ಲಿ ಅವ್ವನ ತಂಗಿ, ಅಂದರೆ ನಮ್ಮ ಚಿಕ್ಕವ್ವ ಇದ್ದಾಳೆ. ಬರುವಾಗ ಅನಮೋಡ ಘಾಟ್ ಹತ್ತಿ ಅವಳ ಮನೆಯಲ್ಲಿ ಊಟ ಮಾಡಿ ಬೆಳಗಾವಿಗೆ ಹೋಗುವುದು ಅಂತ ಊರು ಬಿಡುವ ಮೊದಲೇ ಮಾತಾಗಿತ್ತು. ಪಣಜಿ, ಫೋಂಡಾ, ಅದೇ ರಸ್ತೆ, ಮೂರನೇ ಸಲ. ಮೊಲ್ಲೆಂನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅವ್ವ ಕಿಟಕಿಯಿಂದ ಬೋರ್ಡ್ ನೋಡಿ ಕೇಳಿದಳು: "ಮೊನ್ನಿ ಬಂದಿದ್ದು ಇಲ್ಲೇ ಅಲ್ಲೇನೋ?"

ಹೌದು. ಕುಳೆಂ ಅಲ್ಲಿಂದ ಐದಾರು ಕಿಲೋಮೀಟರ್. ನಾವು ಹೇಗೂ ಬರಲೇಬೇಕಿದ್ದ ದಾರಿಯ ಪಕ್ಕದಲ್ಲಿದ್ದ ಜಾಗಕ್ಕೆ, ಒಂದು ಪೂರ್ತಿ ದಿನ ಕೊಟ್ಟು, 75 ಹೋಗಿ 75 ಬಂದು, ಅವ್ವನ ಸೊಂಟ ಮುರಿದು, ಇನ್ನೊಂದು ದಿನವನ್ನೂ ಕಳೆದುಕೊಂಡಿದ್ದೆ. ಹೆಂಡತಿ ಏನೂ ಅನ್ನಲಿಲ್ಲ. ಲೋಂಡಾದವರೆಗೂ ಏನೂ ಅನ್ನಲಿಲ್ಲ.

ಯಾಕೆ ಹಾಗಾಯಿತು ಅಂತ ಆಮೇಲೆ ಬಹಳ ಯೋಚಿಸಿದ್ದೇನೆ, ಸ್ವಲ್ಪ ಜಾಸ್ತಿಯೇ ಯೋಚಿಸಿದ್ದೇನೆ. ದೂರ ಗೊತ್ತಿರಲಿಲ್ಲ ಅಂತಲ್ಲ. ಮೊಲ್ಲೆಂ ಎಲ್ಲಿದೆ ಅಂತ ಬೆಳಗಾವಿಯವರಿಗೆ ಹೇಳಿಕೊಡಬೇಕಾ? ರೂಮಿಗೆ 6,500 ಕೊಟ್ಟ ಕೂಡಲೇ ನನ್ನ ತಲೆಯಲ್ಲಿ ಆ ರೂಮೇ ನಟ್ಟ ನಡುವಿನ ಗೂಟವಾಗಿ, ನಾವೆಲ್ಲ ಅದಕ್ಕೆ ಕಟ್ಟಿದ ದನಗಳಾಗಿದ್ದೆವು. ಎಲ್ಲಿಗೆ ಹೋದರೂ ಅಲ್ಲಿಂದಲೇ ಹೊರಡಬೇಕು, ಅಲ್ಲಿಗೇ ಮರಳಬೇಕು, ಅಲ್ಲೇ ತಿಂಡಿ ತಿನ್ನಬೇಕು, ಇಲ್ಲದಿದ್ದರೆ ಕೊಟ್ಟ ದುಡ್ಡು ವಸೂಲಾಗುವುದಿಲ್ಲ. ಹೋಗುವ ದಿನ, ಬರುವ ದಿನ ಎರಡನ್ನೂ ನಾನು ಪ್ರವಾಸದ ಲೆಕ್ಕಕ್ಕೇ ಹಿಡಿದಿರಲಿಲ್ಲ, ಅವು ಬರೀ ಡ್ರೈವಿಂಗ್ ಅಂದುಕೊಂಡಿದ್ದೆ. ಬೆಂಗಳೂರಿನವರಿಗೆ ಹಾಗಂದುಕೊಳ್ಳದೆ ಬೇರೆ ದಾರಿ ಇಲ್ಲ. ನಮಗೆ ಗೋವಾ ಪಕ್ಕದ ಮನೆ. ಬೆಳಗಾವಿಯಿಂದ ಮೊಲ್ಲೆಂ ಸುಮಾರು 90 ಕಿಲೋಮೀಟರ್. ಕಲಂಗುಟ್‌ನಿಂದ ಬರುವವರಿಗೆ ಸುಮಾರು 70. ವ್ಯತ್ಯಾಸ ಅಷ್ಟೇ.

ಆದ್ದರಿಂದ ಯಾವ ದಿನ ಯಾವುದು ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ದೂರದ್ದನ್ನೆಲ್ಲ ಹೋಗುವ ಬರುವ ದಾರಿಗೆ ಹಾಕಿ, ಆಗದ್ದನ್ನು ಬಿಟ್ಟುಬಿಡಿ. ಎರಡು ವರ್ಷ ಬಿಟ್ಟು ನಾವು ಮತ್ತೆ ಹೋದಾಗ ಮಾಡಿದ್ದು ಇದನ್ನೇ.

ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಖಾನಾಪುರ, ಲೋಂಡಾ, ಅನಮೋಡ ಮೇಲೆ ಇಳಿಯಿರಿ. ಘಾಟ್ ರಸ್ತೆ ತೆರೆದಿದೆಯಾ ಅಂತ ಹಿಂದಿನ ದಿನ ಕೇಳಿಕೊಳ್ಳಿ. ಏಳೂವರೆಗೆಲ್ಲ ಕುಳೆಂನಲ್ಲಿ ಇದ್ದರೆ ಊಟದ ಹೊತ್ತಿಗೆ ದೂಧ್‌ಸಾಗರ್ ಮುಗಿಸಿ ಸಂಜೆ ಕಲಂಗುಟ್ ಸೇರಬಹುದು. ಆದರೆ ನಿಮ್ಮ ಜೊತೆ ಹಿರಿಯರಿದ್ದಾರೆ. ನನ್ನನ್ನು ಕೇಳಿದರೆ ಈ ಸಲ ದೂಧ್‌ಸಾಗರ್ ಬೇಡವೇ ಬೇಡ. ಮಳೆಗಾಲದಲ್ಲಿ ಜೀಪು ಬಂದ್, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಮತ್ತೆ ಶುರು, ಏಪ್ರಿಲ್ ಮೇ ಹೊತ್ತಿಗೆ ನೀರು ಸಣಕಲು. ಅಪ್ಪ ಅಮ್ಮನಿಗೆ ಜಲಪಾತ ತೋರಿಸಲೇಬೇಕು ಅಂದರೆ ಇನ್ನೊಮ್ಮೆ ಬೆಳಗಾವಿಯಿಂದಲೇ ಗೋವಾ ಕಡೆ ರೈಲು ಹತ್ತಿಸಿ, ಕ್ಯಾಸಲ್‌ರಾಕ್ ದಾಟಿದ ಮೇಲೆ ಕೂತಲ್ಲೇ ಕಾಣುತ್ತದೆ. ಹಳಿ ಹಿಡಿದು ನಡೆದುಕೊಂಡು ಹೋಗುವ ಆಸೆ ಮಾತ್ರ ಬೇಡ, ಅದಕ್ಕೆ ನಿಷೇಧ ಇದೆ.

ಅದರ ಬದಲು ಮೊಲ್ಲೆಂ ಕಡೆಯಿಂದ ತಾಂಬಡಿ ಸುರ್ಲಾಕ್ಕೆ ಹೋಗಿ. ಕಾಡಿನ ನಡುವೆ ಹಳ್ಳದ ಪಕ್ಕ ಕಪ್ಪು ಕಲ್ಲಿನ ಸಣ್ಣ ಮಹಾದೇವ ಗುಡಿ, ಕದಂಬರ ಕಾಲದ್ದು. ಕಾರು ನಿಲ್ಲಿಸಿ ಸ್ವಲ್ಪವೇ ನಡೆಯಬೇಕು. ಮಂಟಪದ ನಂದಿಗೆ ತಲೆ ಇಲ್ಲ, ನಮ್ಮ ಸಣ್ಣವನಿಗೆ ಈಗಲೂ ಅದೇ ನೆನಪು. ಅವ್ವ ಕಂಬ ಮುಟ್ಟಿ, "ಇದು ನಮ್ಮ ಹಲಸಿ ಗುಡಿ ಕಂಡಂಗ ಐತೆಲ್ಲೋ" ಅಂದಳು. ಅವಳು ಸುಮ್ನೆ ಅಂದದ್ದು, ಆದರೆ ಮಾತು ಸರಿ ಇತ್ತು. ಖಾನಾಪುರ ತಾಲೂಕಿನ ಹಲಸಿ ಗೋವಾ ಕದಂಬರ ಇನ್ನೊಂದು ರಾಜಧಾನಿ ಆಗಿತ್ತು.

ಪಾಲೋಲೆಂ ಚೀಟಿಯಿಂದ ಹೊಡೆದುಹಾಕಿ. ಒಂದು ಸಮುದ್ರದ ದಂಡೆಯಲ್ಲಿ ರೂಮು ಮಾಡಿ, ಅದೇ ಸಮುದ್ರವನ್ನು ಇನ್ನೊಂದು ಕಡೆಯಿಂದ ನೋಡಲು ಎರಡು ತಾಸಿಗೂ ಮಿಕ್ಕಿ ಕಾರಿನಲ್ಲಿ ಕೂರುವುದು ಯಾವ ಸುಖ? ಪಾಲೋಲೆಂ ಚಂದ ಇದೆ, ನೀರೂ ಶಾಂತ. ಅಷ್ಟು ಇಷ್ಟ ಇದ್ದರೆ ರೂಮನ್ನೇ ಅಲ್ಲಿ ಮಾಡಿ.

ನಡುವಿನ ಎರಡು ದಿನದಲ್ಲಿ ಒಂದು ದಿನ ಮಾತ್ರ ಹೊರಗೆ ಹೋಗಿ. ಬೆಳಗ್ಗೆ ಓಲ್ಡ್ ಗೋವಾ. ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುತ್ತದೆ, ಆ ಹೊತ್ತು ಬಿಡಿ. ಬಾಂ ಜೀಸಸ್ ಬೆಸಿಲಿಕಾ 1605ರದ್ದು, ಸೇಂಟ್ ಫ್ರಾನ್ಸಿಸ್ ಝೇವಿಯರ್ ದೇಹವನ್ನು ಬೆಳ್ಳಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹೊರಗೋಡೆಗೆ ಗಾರೆ ಇಲ್ಲ, ಕೆಂಪು ಜಂಬಿಟ್ಟಿಗೆ ಹಾಗೇ ಕಾಣುತ್ತದೆ. ಎದುರಿಗೇ ಸೆ ಕ್ಯಾಥೆಡ್ರಲ್. ಚಡ್ಡಿ, ತೋಳಿಲ್ಲದ ಬಟ್ಟೆ ಬೇಡ. ಅಲ್ಲಿಂದ ಫೋಂಡಾ ದಾರಿಯಲ್ಲಿ ಮಂಗೇಶಿ ದೇವಸ್ಥಾನ. ಪೋರ್ಚುಗೀಸರ ಕಾಟಕ್ಕೆ 1560ರಲ್ಲಿ ಜುವಾರಿ ದಂಡೆಯ ಕುಶಸ್ಥಳಿಯಿಂದ ಲಿಂಗವನ್ನು ಇಲ್ಲಿಗೆ ತಂದರು. ಅಪ್ಪ ಅಮ್ಮನನ್ನು ಏಳು ಅಂತಸ್ತಿನ ದೀಪಸ್ತಂಭದ ಹತ್ತಿರ ನೆರಳಿನಲ್ಲಿ ಕೂರಿಸಿ. ಮಧ್ಯಾಹ್ನಕ್ಕೆ ಫೋಂಡಾ ಕಡೆಯ ಯಾವುದಾದರೂ ಮಸಾಲೆ ತೋಟ. ಕಾಳುಮೆಣಸು, ಜಾಯಿಕಾಯಿ, ವೆನಿಲ್ಲಾ ತೋರಿಸಿ ಊಟ ಹಾಕುತ್ತಾರೆ, ಶಾಕಾಹಾರಿಗಳಿಗೂ ಹೊಟ್ಟೆ ತುಂಬುತ್ತದೆ. ಆದರೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೋಗಿ. ಬೀಚ್ ಹತ್ತಿರ ಎರಡನೇ ದಿನಕ್ಕೇ ಅವು ನೆನಪಾಗುತ್ತವೆ.

ಬರುವಾಗ ರಿಬಂದರ್‌ನಲ್ಲಿ ಫೆರ್ರಿ ಹತ್ತಿ ಚೋರಾವ್ ದ್ವೀಪಕ್ಕೆ ಹೋಗಿಬನ್ನಿ. ನಾವು ಹೋದಾಗ ಕಾಲ್ನಡಿಗೆಯವರಿಗೆ ದುಡ್ಡಿರಲಿಲ್ಲ. ಇಳಿದ ಕಡೆಯೇ ಸಲೀಂ ಅಲಿ ಪಕ್ಷಿಧಾಮ, ಕಾಂಡ್ಲಾ ಕಾಡು. ಬೆಳಗ್ಗೆ ಹೋದರೆ ಹಕ್ಕಿ ಜಾಸ್ತಿ, ಸಂಜೆಗೆ ಕಮ್ಮಿ. ನಮ್ಮ ಮಕ್ಕಳು ಹಕ್ಕಿ ನೋಡಲೇ ಇಲ್ಲ, ಫೆರ್ರಿಯಲ್ಲೇ ಮೂರು ಸಲ ಹೋಗಿ ಬಂದರು.

ಆಗ್ವಾದ ಹತ್ತಿರವೇ ಇದೆ, ಬಿಸಿಲು ಇಳಿದ ಮೇಲೆ ಸಾಕು. ಬಾಗಿಲು ಹಾಕುವ ಹೊತ್ತು ಮಾತ್ರ ಕೇಳಿಕೊಳ್ಳಿ. 1612ರ ಕೋಟೆ. ಹಡಗಿನವರು ಇಲ್ಲಿ ಸಿಹಿನೀರು ತುಂಬಿಕೊಳ್ಳುತ್ತಿದ್ದರು, ಹೆಸರು ಬಂದದ್ದೂ ಅದರಿಂದಲೇ.

ಇನ್ನೊಂದು ದಿನ ಎಲ್ಲಿಗೂ ಹೋಗಬೇಡಿ. ಬೆಳಗ್ಗೆ ಏಳಕ್ಕೆ ಅಪ್ಪ ಅಮ್ಮನಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಕಾಲಿಗೆ ತೆರೆ ಬಡಿಯುವ ಹಾಗೆ. ಮಕ್ಕಳನ್ನು ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಸಿ, ಬರೀ ಕೆಂಪು ಬಾವುಟ ಇದ್ದಲ್ಲಿ ಪಾದವೂ ಬೇಡ. ಎರಡನೇ ಸಲ ಹೋದಾಗ ಅವ್ವ ಸೀರೆ ಮೊಣಕಾಲಿಗೆ ಎತ್ತಿಕೊಂಡು ಹಾಗೇ ಕೂತು ಹತ್ತೂವರೆವರೆಗೆ ಏಳಲಿಲ್ಲ. ತಿಂಡಿ ಮುಗಿದುಹೋಗಿತ್ತು. ನಾನು ಬಾಯಿ ಬಿಡಲಿಲ್ಲ.

ವಾಪಸ್ ಬರುವಾಗ ಚೋರ್ಲಾ ಹತ್ತಿ, ಕಣಕುಂಬಿಯಲ್ಲಿ ಇಳಿದು ಮಲಪ್ರಭೆ ಹುಟ್ಟುವ ಜಾಗ ನೋಡಿ. ವಯಸ್ಸಾದವರಿಗೆ ಅದು ಆಗ್ವಾದಕ್ಕಿಂತ ಹೆಚ್ಚು ಹಿಡಿಸುತ್ತದೆ.

ಮತ್ತೆ ಆ ಫ್ರೀ ತಿಂಡಿಯ ವಿಷಯ. ಬೇಗ ಹೊರಡುವುದಿದ್ದರೆ ಹಿಂದಿನ ರಾತ್ರಿ ರಿಸೆಪ್ಶನ್‌ನಲ್ಲಿ ಹೇಳಿಡಿ, ಎಷ್ಟೋ ಕಡೆ ಡಬ್ಬಿ ಕಟ್ಟಿಕೊಡುತ್ತಾರೆ. ನಾವಿದ್ದ ರೆಸಾರ್ಟಿನಲ್ಲೂ ಕೊಡುತ್ತಿದ್ದರಂತೆ. ನನಗೆ ಗೊತ್ತಾದದ್ದು ಕೊನೆಯ ದಿನ, ಬಿಲ್ ಕಟ್ಟುವಾಗ.